ಬೆಳಗಾಗುವ ಮೊದಲೇ ಟವೆಲ್ ಹಾಸುವ ಪೈಪೋಟಿ ಇಲ್ಲದ ಆಲ್ ಇನ್‌ಕ್ಲೂಸಿವ್ ಹೋಟೆಲನ್ನು ಗುರುತಿಸುವುದು ಹೇಗೆ?

ಕಡಲಹಾದಿ

ಎಲ್ಲರಿಗೂ ನಮಸ್ಕಾರ. ಊಟ, ತಿಂಡಿ, ಪಾನೀಯ, ಮಕ್ಕಳ ಆಟ ಎಲ್ಲವೂ ಒಂದೇ ದರದಲ್ಲಿ ಸೇರಿರುವ ರೆಸಾರ್ಟ್ ಹುಡುಕುತ್ತಿದ್ದೇವೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ವಿಮಾನ, ವೀಸಾ, ಖರ್ಚು ಇವನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ. ನಾನು ಕೇಳುತ್ತಿರುವುದು ಬೇರೆ. ಈಜುಕೊಳದ ಪಕ್ಕದ ಸನ್‌ಬೆಡ್ (ಒರಗುಕುರ್ಚಿ) ಮೇಲೆ ಟವೆಲ್ ಹಾಸಿ ಜಾಗ ಹಿಡಿಯಲು ಕತ್ತಲಲ್ಲೇ ಎದ್ದು ಓಡಬೇಕಾಗಿಲ್ಲದ ಹೋಟೆಲ್ ಯಾವುದು ಎಂದು ಹಣ ಕಟ್ಟುವ ಮೊದಲೇ ತಿಳಿಯುವ ಉಪಾಯ ಇದೆಯೇ?

ಹಿಂದಿನ ಸಲ ಹೋದಲ್ಲಿ ಕೋಣೆ, ಊಟ, ಸಿಬ್ಬಂದಿ ಯಾವುದಕ್ಕೂ ಹೆಸರಿಡುವಂತಿರಲಿಲ್ಲ. ಆದರೆ ಏಳು ಗಂಟೆಗೆ ತಿಂಡಿಗೆ ಇಳಿಯುವಾಗಲೇ ಮಕ್ಕಳ ಕೊಳದ ಸುತ್ತ ಒಂದು ಕುರ್ಚಿಯೂ ಖಾಲಿ ಇರುತ್ತಿರಲಿಲ್ಲ. ಮನುಷ್ಯರಿರಲಿಲ್ಲ, ಟವೆಲ್‌ಗಳಿದ್ದವು. ಅವುಗಳ ಮೇಲೆ ಒಂಟಿ ಚಪ್ಪಲಿ, ಮಗುಚಿಟ್ಟ ಪುಸ್ತಕ, ಗಾಳಿ ಇಳಿದ ಈಜು ಟ್ಯೂಬು. ಹನ್ನೊಂದಾದರೂ ಒಡೆಯರ ಸುಳಿವಿಲ್ಲ. ಜಾಗ ಕಾಯ್ದಿರಿಸುವಂತಿಲ್ಲ ಎಂಬ ಫಲಕ ಅಲ್ಲೇ ಇತ್ತು, ಅದರ ಕಂಬಕ್ಕೇ ಯಾರೋ ಟವೆಲ್ ಕಟ್ಟಿದ್ದರು. ಮೂರು ವರ್ಷದವನು ನೀರಿನಲ್ಲಿರುವಾಗ ನಾನು ದೂರದ ಹುಲ್ಲುಹಾಸಿನಲ್ಲಿ ಕೂರಲು ಸಾಧ್ಯವೇ? ಕಾದ ಕಲ್ಲುಹಾಸಿನ ಮೇಲೆಯೇ ಕುಳಿತಿದ್ದೆ.

ದೇಶ ಯಾವುದಾದರೂ ಸರಿ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮುಂಜಾವು

ಆರಕ್ಕೆ ಎದ್ದು ಟವೆಲ್ ಹಾಸಿ ಮತ್ತೆ ಮಲಗಿದರೆ ಆಯಿತು. ಮೊದಲು ಬಂದವರಿಗೆ ಮೊದಲ ಜಾಗ, ಎಲ್ಲ ಕಡೆಯೂ ಇರುವ ನಿಯಮ. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?

ನೀಲಿಕೊಡೆ

ಮುಂಜಾವು ಅವರೇ, ಮೊದಲು ಬಂದವರಿಗೆ ಜಾಗ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ನೀವು ಬರುವುದಿಲ್ಲ, ನಿಮ್ಮ ಟವೆಲ್ ಬರುತ್ತದೆ. ನೀವು ಹಾಸಿಗೆಯಲ್ಲಿರುವಾಗ ಕೊಳದ ಬಳಿ ನಿಜವಾಗಿ ನಿಂತಿರುವ ಮಗುವಿನ ತಾಯಿಗೆ ಜಾಗವಿಲ್ಲ. ಇದು ಯಾವ ನ್ಯಾಯ?

ಮುಂಜಾವು

ನಾನು ಹಾಸದಿದ್ದರೆ ಇನ್ನೊಬ್ಬರು ಹಾಸುತ್ತಾರೆ. ಹೋಟೆಲ್‌ನವರು ನಿಯಮ ಪಾಲಿಸಿದರೆ ನಾನೂ ಪಾಲಿಸುತ್ತೇನೆ. ಅವರು ಸುಮ್ಮನಿರುವಾಗ ನಾನೊಬ್ಬ ಒಳ್ಳೆಯವನಾಗಿದ್ದು ನನ್ನ ಮಕ್ಕಳನ್ನು ಬಿಸಿಲಿನಲ್ಲಿ ಕೂರಿಸಲೇ?

ಹೆಜ್ಜೆಗುರುತು

ಈ ಇಬ್ಬರ ಮಾತಿನಲ್ಲೇ ಉತ್ತರದ ಅರ್ಧ ಇದೆ. ಸುತ್ತ ಎಲ್ಲರೂ ಹಾಸುವಾಗ ಒಬ್ಬರೇ ಹಾಸದೆ ಉಳಿಯುವುದು ಕಷ್ಟ. ಆದ್ದರಿಂದ ಒಳ್ಳೆಯ ಅತಿಥಿಗಳಿರುವ ಹೋಟೆಲನ್ನು ಹುಡುಕಿ ಪ್ರಯೋಜನವಿಲ್ಲ. ಹಾಸುವ ಅಗತ್ಯವೇ ಬೀಳದಂತೆ ಕಟ್ಟಿದ, ನಡೆಸುವ ಹೋಟೆಲನ್ನು ಹುಡುಕಬೇಕು. ಅದನ್ನು ಮನೆಯಲ್ಲಿ ಕುಳಿತೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ನಾನು ಮಾಡುವುದು ಹೀಗೆ. ಭೂಪಟದ ಆ್ಯಪ್‌ನಲ್ಲಿ ಉಪಗ್ರಹ ಚಿತ್ರ ತೆರೆದು ಹೋಟೆಲಿನ ಮೇಲೆ ಹಿಗ್ಗಿಸುತ್ತೇನೆ. ಕೊಳದ ಸುತ್ತ ಬಿಳಿ ಕಡ್ಡಿಗಳಂತೆ ಸಾಲಾಗಿ ಕಾಣುವುದೇ ಒರಗುಕುರ್ಚಿಗಳು. ಅವನ್ನು ಎಣಿಸಬಹುದು. ಕೊಡೆಗಳು ದುಂಡನೆಯ ಚುಕ್ಕೆಗಳು, ಅವನ್ನೂ ಎಣಿಸಬಹುದು. ನಂತರ ಹೋಟೆಲಿನ ಕೋಣೆಗಳ ಸಂಖ್ಯೆ ನೋಡಿ. 400 ಕೋಣೆಗಳ ಕುಟುಂಬ ಹೋಟೆಲ್ ತುಂಬಿದ್ದರೆ ಸುಲಭವಾಗಿ ಸಾವಿರ ಜನ. ಕೊಳದ ಬಳಿ 250, ಮರಳಿನಲ್ಲಿ 150 ಕುರ್ಚಿ ಕಂಡರೆ ಯಾವ ಫಲಕವೂ ನಿಮ್ಮನ್ನು ಕಾಪಾಡುವುದಿಲ್ಲ. ಕೊಳ ಮತ್ತು ಕಡಲತೀರ ಎರಡೂ ಸೇರಿ ಏಳುನೂರು ದಾಟಿದರೆ ಉಸಿರಾಡಬಹುದು, ಏಕೆಂದರೆ ಎಲ್ಲರೂ ಒಂದೇ ಹೊತ್ತಿಗೆ ಒರಗಿರುವುದಿಲ್ಲ. ಕೆಲವರು ನೀರಿನಲ್ಲಿ, ಕೆಲವರು ಊಟದಲ್ಲಿ, ಕೆಲವರು ಊರು ನೋಡಲು ಹೋಗಿರುತ್ತಾರೆ.

ಚಿತ್ರ ಚಳಿಗಾಲದಲ್ಲಿ ತೆಗೆದದ್ದಾದರೆ ಕುರ್ಚಿಗಳನ್ನು ಒಳಗಿಟ್ಟಿರುತ್ತಾರೆ. ಕೊಳದಲ್ಲಿ ನೀರು ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಕಡಲಹಾದಿ

ಹೆಜ್ಜೆಗುರುತು ಅವರೇ, ತುಂಬ ಧನ್ಯವಾದ. ಈಗಲೇ ಪಟ್ಟಿಯಲ್ಲಿರುವ ಮೂರು ಹೋಟೆಲ್‌ಗಳನ್ನು ನೋಡುತ್ತೇನೆ.

ಪಯಣಪ್ರಿಯ

ಇದಕ್ಕೆಲ್ಲ ಕಾರಣ ಜರ್ಮನರು. ರಾತ್ರಿಯೇ ಬಂದು ಹಾಸಿ ಹೋಗುತ್ತಾರೆ ಎಂದು ಎಲ್ಲರಿಗೂ ಗೊತ್ತು.

ಸಾಗರಸಂಜೆ

ಅದು ಬ್ರಿಟಿಷ್ ಪತ್ರಿಕೆಗಳು ದಶಕಗಳಿಂದ ಹಾಡುತ್ತಿರುವ ರಾಗ. ನಾನು ನೋಡಿದ ಕಡೆಗಳಲ್ಲಿ ಬ್ರಿಟಿಷರು, ರಷ್ಯನ್ನರು, ಡಚ್ಚರು, ನಮ್ಮವರು ಎಲ್ಲರೂ ಹಾಸುತ್ತಾರೆ. ದೇಶ ನೋಡಿ ಹೋಟೆಲ್ ಆರಿಸಬೇಡಿ.

ಆದರೆ ಜರ್ಮನ್ ಭಾಷೆಯ ವಿಮರ್ಶೆಗಳನ್ನು ಖಂಡಿತ ನೋಡಿ. ಹಾಲಿಡೇಚೆಕ್ ಎಂಬ ತಾಣದಲ್ಲಿ ಅವರು ಈ ವಿಷಯವನ್ನು ಬಹಳ ವಿವರವಾಗಿ ಬರೆಯುತ್ತಾರೆ: ಎಷ್ಟು ಗಂಟೆಗೆ ಕುರ್ಚಿ ಮುಗಿಯಿತು, ಕೊಡೆ ಸಾಕಷ್ಟಿತ್ತೇ, ಸಿಬ್ಬಂದಿ ಟವೆಲ್ ತೆಗೆದರೇ ಎಂದು. ಒರಗುಕುರ್ಚಿಗೆ ಅವರು ಬಳಸುವ ಪದ ‘ಲೀಗೆ’, ಬಹುವಚನ ‘ಲೀಗೆನ್’. ಆ ಪದ ಹುಡುಕಿ, ಬಂದದ್ದನ್ನು ಅನುವಾದದ ಆ್ಯಪ್‌ಗೆ ಹಾಕಿದರೆ ಸಾಕು.

ಇನ್ನೊಂದು ಮಾತು. ಒಟ್ಟು ಅಂಕ ನೋಡಿ ಮರುಳಾಗಬೇಡಿ. ಅಕ್ಟೋಬರಿನಲ್ಲಿ ಮಕ್ಕಳಿಲ್ಲದೆ ಹೋದ ದಂಪತಿ ಐದಕ್ಕೆ ಐದು ಕೊಡುತ್ತಾರೆ. ನೀವು ಹೋಗುವ ತಿಂಗಳಿನ, ಅದರಲ್ಲೂ ಮಕ್ಕಳೊಂದಿಗೆ ಹೋದವರ ವಿಮರ್ಶೆಗಳನ್ನು ಮಾತ್ರ ಬೇರ್ಪಡಿಸಿ ಓದಿ.

ಕೊಳದಂಚು

ನಾನು ಕೆಲವು ವರ್ಷ ಕಡಲತೀರದ ದೊಡ್ಡ ರೆಸಾರ್ಟೊಂದರಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಈಜುಕೊಳದ ಬಳಿ, ಆಮೇಲೆ ಸ್ವಾಗತ ಕಚೇರಿಯಲ್ಲಿ. ಫಲಕ ಹಾಕಿಯೂ ಹೋಟೆಲ್‌ನವರು ಸುಮ್ಮನಿರುತ್ತಾರೆ ಎಂಬ ಮಾತು ಇಲ್ಲಿ ಬಂದಿರುವುದರಿಂದ ಒಳಗಿನ ಕಥೆ ಹೇಳುತ್ತೇನೆ.

ಬೆಳಗ್ಗೆ ಒಂಬತ್ತಕ್ಕೆ ಟವೆಲ್ ತೆಗೆಯಲು ಹೋಗುವವನು ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ ಹುಡುಗ, ಆ ಋತುವಿಗೆ ಮಾತ್ರ ಕೆಲಸಕ್ಕೆ ಸೇರಿದವನು. ಅವನು ತೆಗೆದ ಟವೆಲ್ಲಿನ ಒಡೆಯ ಹತ್ತೂವರೆಗೆ ಬಂದು ಕೂಗಾಡುತ್ತಾನೆ. ಪುಸ್ತಕದೊಳಗೆ ಹಣ ಇತ್ತು, ಕನ್ನಡಕ ಕಾಣೆಯಾಗಿದೆ ಎನ್ನುತ್ತಾನೆ. ಹುಡುಗನ ಪರವಾಗಿ ಮೇಲಿನವರು ನಿಲ್ಲುವುದಿಲ್ಲ, ಅತಿಥಿಯ ಕ್ಷಮೆ ಕೇಳಿಸುತ್ತಾರೆ. ಮರುದಿನದಿಂದ ಆ ಹುಡುಗ ಟವೆಲ್ ಮುಟ್ಟುವನೇ? ಜಾಗ ಸಿಗದವರ ಸಿಟ್ಟು ಹತ್ತು ಜನರಲ್ಲಿ ಹಂಚಿಹೋಗುತ್ತದೆ. ಟವೆಲ್ ಕಳೆದುಕೊಂಡವನ ಸಿಟ್ಟು ಒಂದೇ ಕಡೆ ಸಿಡಿದು ವಿಮರ್ಶೆಯಲ್ಲಿ ಬೀಳುತ್ತದೆ. ವ್ಯವಸ್ಥಾಪಕರು ಹೆದರುವುದು ಎರಡನೆಯದಕ್ಕೆ.

ಹಾಗಾಗಿ ಟವೆಲ್ ತೆಗೆಯುವ ನಿಯಮವನ್ನು ನಂಬಬೇಡಿ. ಹಾಸಲು ಅವಕಾಶವನ್ನೇ ಕೊಡದ ಏರ್ಪಾಡನ್ನು ನಂಬಿ. ನಾನು ಕಂಡಂತೆ ನಿಜವಾಗಿ ಕೆಲಸ ಮಾಡಿದವು ಇವು. ರಾತ್ರಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿ, ಕೊಳಕ್ಕೆ ಹಗ್ಗ ಕಟ್ಟಿ, ನೆಲ ತೊಳೆದು ಬೆಳಗ್ಗೆ ನಿಗದಿತ ಹೊತ್ತಿಗೆ ಬಿಡಿಸುವುದು. ಅತಿಥಿಯ ಕಾರ್ಡ್ ಪಡೆದು ಕೊಳದ ಟವೆಲನ್ನು ಒಂಬತ್ತರ ನಂತರ ಮಾತ್ರ ಕೊಡುವುದು, ಸಂಜೆ ಟವೆಲನ್ನು ಕಡ್ಡಾಯವಾಗಿ ಹಿಂದಕ್ಕೆ ಪಡೆಯುವುದು. ಎಲ್ಲಕ್ಕಿಂತ ಗಟ್ಟಿಯಾದದ್ದು, ಕೋಣೆ ಸಂಖ್ಯೆಗೆ ಕುರ್ಚಿ ಸಂಖ್ಯೆಯನ್ನು ಮೊದಲ ದಿನವೇ ಹಂಚಿಬಿಡುವುದು. ಆಗ ಜಗಳಕ್ಕೆ ವಸ್ತುವೇ ಇಲ್ಲ.

ಇಮೇಲ್ ಬರೆಯುವಾಗ "ನಿಮ್ಮಲ್ಲಿ ಸನ್‌ಬೆಡ್ ಸಮಸ್ಯೆ ಇದೆಯೇ" ಎಂದು ಕೇಳಬೇಡಿ. ಇಲ್ಲ ಎಂದೇ ಉತ್ತರ ಬರುತ್ತದೆ. "ಬೆಳಗ್ಗೆ ಕೊಳ ಎಷ್ಟು ಗಂಟೆಗೆ ತೆರೆಯುತ್ತೀರಿ? ಅದಕ್ಕೂ ಮೊದಲು ಕುರ್ಚಿಗಳು ಎಲ್ಲಿರುತ್ತವೆ? ಟವೆಲ್ ಎಷ್ಟು ಗಂಟೆಯಿಂದ ಕೊಡುತ್ತೀರಿ?" ಎಂದು ಕೇಳಿ. ಗಂಟೆ ಹೇಳಿ ಉತ್ತರಿಸಿದವರು ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯಿರಿ.

ನೀಲಿಕೊಡೆ

ಕೊಳದಂಚು ಅವರೇ, ಈ ವಿವರಕ್ಕೆ ಕೈ ಮುಗಿಯುತ್ತೇನೆ. ಆ ಹುಡುಗರ ಕಷ್ಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ದೋಣಿಮನೆ

ಹಡಗಿನ ಪ್ರವಾಸಗಳಲ್ಲಿ ಇದನ್ನು ಸಮಯ ಕಟ್ಟಿ ಸರಿಪಡಿಸಿದ್ದಾರೆ. ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ 40 ನಿಮಿಷ ಯಾರೂ ಇಲ್ಲದ ಕುರ್ಚಿಯಿಂದ ವಸ್ತುಗಳನ್ನು ತೆಗೆದಿಡುವ ಪದ್ಧತಿ ತಂದರು, ರಾಯಲ್ ಕೆರಿಬಿಯನ್‌ನಲ್ಲಿ ಅದು 30 ನಿಮಿಷ. ಸಿಬ್ಬಂದಿ ಬಂದ ಹೊತ್ತು ಬರೆದ ಚೀಟಿಯನ್ನು ಕುರ್ಚಿಗೆ ಅಂಟಿಸಿ ಹೋಗುತ್ತಾರೆ. ಮುಂದಿನ ಸುತ್ತಿಗೆ ಬಂದಾಗಲೂ ಯಾರೂ ಇಲ್ಲದಿದ್ದರೆ ವಸ್ತುಗಳನ್ನು ಚೀಲಕ್ಕೆ ಹಾಕಿ ಕೌಂಟರಿನಲ್ಲಿ ಇಡುತ್ತಾರೆ. ಚೀಟಿ ಇರುವುದರಿಂದ ವಾದಕ್ಕೆ ಎಡೆಯಿಲ್ಲ. ಹೋಟೆಲ್‌ಗಳೂ ಹೀಗೆ ಮಾಡಬಹುದು.

ಪಯಣಪ್ರಿಯ

ಗ್ರೀಸಿನಲ್ಲಿ ಸರ್ಕಾರವೇ ಕಾನೂನು ತಂದಿದೆಯಲ್ಲ, ಅಲ್ಲಿಗೆ ಹೋಗಿ. 70 ಭಾಗ ಖಾಲಿ ಇಡಲೇಬೇಕು.

ಸಾಗರಸಂಜೆ

ಅದು ಕಡಲತೀರಕ್ಕೆ, ಹೋಟೆಲಿನ ಕೊಳಕ್ಕಲ್ಲ. 2023ರಲ್ಲಿ ಪಾರೋಸ್ ದ್ವೀಪದಲ್ಲಿ ಜನರು ಬಾಡಿಗೆ ಕುರ್ಚಿಗಳೇ ತುಂಬಿ ತಮ್ಮ ಟವೆಲ್ ಹಾಸಲೂ ಮರಳು ಉಳಿದಿಲ್ಲವೆಂದು ಪ್ರತಿಭಟನೆ ಆರಂಭಿಸಿದರು, ಅದು ಬೇರೆ ದ್ವೀಪಗಳಿಗೂ ಹಬ್ಬಿತು. 2024ರ ನಿಯಮಗಳ ಪ್ರಕಾರ ಸಾರ್ವಜನಿಕ ಕಡಲತೀರದ ಶೇ. 70ರಷ್ಟು ಭಾಗ ಕುರ್ಚಿ, ಕೊಡೆಗಳಿಲ್ಲದೆ ಇರಬೇಕು, ಸಂರಕ್ಷಿತ ತೀರಗಳಲ್ಲಿ ಶೇ. 85. ದೂರು ಕೊಡಲು ‘ಮೈಕೋಸ್ಟ್’ ಎಂಬ ಆ್ಯಪ್ ಕೂಡ ತಂದರು.

ನಮ್ಮ ಪ್ರಶ್ನೆಗೆ ಇದರಿಂದ ಆಗುವ ಪರಿಣಾಮ ತಿರುಗುಮುರುಗು. ತೀರದಲ್ಲಿ ಬಾಡಿಗೆ ಕುರ್ಚಿ ಕಡಿಮೆಯಾದಷ್ಟೂ ಹೋಟೆಲಿನ ಕೊಳದ ಮೇಲೆ ಒತ್ತಡ ಹೆಚ್ಚಬಹುದು. ಗ್ರೀಸ್ ಆರಿಸುವವರು ಹೋಟೆಲಿಗೆ ತನ್ನದೇ ಹುಲ್ಲುಹಾಸು ಎಷ್ಟಿದೆ ಎಂದು ನೋಡಿಕೊಳ್ಳಿ.

ಮರಳುಗೂಡು

ಸ್ಪೇನಿನ ಕಾಲ್ಪೆ ಊರಿನಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಮೊದಲೇ ಕುರ್ಚಿ ಇಟ್ಟು ಜಾಗ ಹಿಡಿದವರಿಗೆ 250 ಯೂರೋ ದಂಡ ಎಂದು 2024ರಲ್ಲಿ ಓದಿದ ನೆನಪು. ಅದೂ ಕಡಲತೀರಕ್ಕೇ. ಹೋಟೆಲ್ ಕೊಳಕ್ಕೆ ಯಾವ ಪುರಸಭೆಯೂ ಬರುವುದಿಲ್ಲ.

ಅಲೆಗಳಾಚೆ

ಎಲ್ಲರೂ ಕುರ್ಚಿ, ಟವೆಲ್ ಎನ್ನುತ್ತಿದ್ದೀರಿ. ಪೈಪೋಟಿ ಹುಟ್ಟುವುದು ನೆಲದ ರಚನೆಯಿಂದ. ಕೊಳದ ಬಳಿ ಜನ ಮುಗಿಬೀಳುವುದು ಕಡಲು ಮಕ್ಕಳಿಗೆ ಒದಗದ ಕಡೆ. ಈ ಒಂದು ಸೂತ್ರ ಹಿಡಿದುಕೊಂಡರೆ ಅರ್ಧ ಭೂಪಟ ತಾನಾಗಿ ಅಳಿಸಿಹೋಗುತ್ತದೆ.

ಟರ್ಕಿಯ ಅಂಟಾಲ್ಯ ತೀರವನ್ನೇ ನೋಡಿ. ಪಶ್ಚಿಮದ ಕೆಮೆರ್ ಕಡೆ ಬೆಟ್ಟ ಸಮುದ್ರಕ್ಕೇ ಇಳಿದಿದೆ, ನೋಟ ಅದ್ಭುತ, ಆದರೆ ತೀರದ ತುಂಬ ಬೆಣಚುಕಲ್ಲು. ಮೂರು ವರ್ಷದ ಮಗು ಬರಿಗಾಲಿನಲ್ಲಿ ಅಲ್ಲಿ ನಿಲ್ಲುವುದಿಲ್ಲ. ಎಲ್ಲ ಕುಟುಂಬಗಳೂ ಕೊಳಕ್ಕೆ ಮರಳುತ್ತವೆ. ಪೂರ್ವದ ಸೀಡೆಯಲ್ಲಿ ಮರಳು, ನೀರು ಬಹುದೂರದವರೆಗೆ ಆಳವಿಲ್ಲ. ಅಲ್ಲಿ ಮಕ್ಕಳು ದಿನವಿಡೀ ಮರಳಿನಲ್ಲೇ ಇರುತ್ತಾರೆ, ಕೊಳ ತಾನಾಗಿ ಸಡಿಲವಾಗುತ್ತದೆ. ಒಂದೇ ವಿಮಾನ ನಿಲ್ದಾಣದಿಂದ ಎರಡೂ ಕಡೆ ಹೋಗಬಹುದು, ದರವೂ ಹತ್ತಿರಹತ್ತಿರ. ಟರ್ಕಿಯದೇ ಬೇರೆ ತೀರದ ಬೋಡ್ರುಮ್‌ನಲ್ಲಿ ಹಲವು ಹೋಟೆಲ್‌ಗಳಿಗೆ ಮರಳೇ ಕಡಿಮೆ, ನೀರಿನ ಮೇಲೆ ಮರದ ಜಗುಲಿ ಕಟ್ಟಿ ಅದರ ಮೇಲೆ ಕುರ್ಚಿ ಹಾಕಿರುತ್ತಾರೆ. ಈಜು ಬಲ್ಲ ದೊಡ್ಡವರಿಗೆ ಅದು ಸ್ವರ್ಗ. ಚಿಕ್ಕ ಮಕ್ಕಳಿರುವವರು ಯೋಚಿಸಿ.

ಈಜಿಪ್ಟಿನ ಕೆಂಪು ಸಮುದ್ರ, ಅಂದರೆ ಶರ್ಮ್ ಎಲ್ ಶೇಖ್, ಮರ್ಸಾ ಆಲಂ ಕಡೆ ಹವಳದ ದಿಬ್ಬ ದಡಕ್ಕೇ ತಾಗಿಕೊಂಡಿರುವ ಹೋಟೆಲ್‌ಗಳು ಬಹಳ. ಹವಳ ತುಳಿಯುವಂತಿಲ್ಲ, ಉದ್ದದ ಕಟ್ಟೆಯ ಮೇಲೆ ನಡೆದು ಹೋಗಿ ಆಳದ ನೀರಿಗೆ ಇಳಿಯಬೇಕು. ಮೀನು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪುಟ್ಟ ಮಕ್ಕಳಿದ್ದರೆ ಕೊಳವೇ ಗತಿ. ಅದೇ ಊರಿನಲ್ಲಿ ಮರಳಿನ ಕೊಲ್ಲಿ ಇರುವ ಹೋಟೆಲನ್ನು ಹುಡುಕಿ ಹಿಡಿಯಬೇಕು.

ಮೆಕ್ಸಿಕೋದ ಕೆರಿಬಿಯನ್ ತೀರದಲ್ಲಿ, ಕಾನ್‌ಕೂನ್‌ನಿಂದ ತುಲುಮ್‌ವರೆಗೆ, ಸರ್ಗಾಸಮ್ ಎಂಬ ಕಂದು ಕಡಲಪಾಚಿಯ ಕಾಟವಿದೆ. ವಸಂತದಿಂದ ಬೇಸಿಗೆಯ ಕೊನೆಯವರೆಗೆ ಅದು ರಾಶಿ ರಾಶಿಯಾಗಿ ದಡಕ್ಕೆ ಬಂದು ಕೊಳೆತು ನಾರುತ್ತದೆ. ಪಾಚಿ ಬಂದ ವಾರ ಸಾವಿರ ಜನ ತೀರ ಬಿಟ್ಟು ಕೊಳಕ್ಕೆ ಬರುತ್ತಾರೆ. ನೆಮ್ಮದಿಯ ಹೋಟೆಲ್ ಕೂಡ ಆಗ ರಣರಂಗ.

ಮರಳುಗೂಡು

ಗಾಳಿಯನ್ನೂ ಸೇರಿಸಿ. ಕ್ಯಾನರಿ ದ್ವೀಪಗಳಲ್ಲಿ ಫ್ಯೂರ್ತೆವೆಂತುರಾದ ಮರಳು ಎಷ್ಟು ಚೆಂದವೋ ಗಾಳಿಯೂ ಅಷ್ಟೇ ಜೋರು. ಜನ ಕಲ್ಲುಗಳನ್ನು ಅರ್ಧ ವೃತ್ತಾಕಾರವಾಗಿ ಪೇರಿಸಿ ಅದರ ಮರೆಯಲ್ಲಿ ಮಲಗಿರುತ್ತಾರೆ. ಗಾಳಿ ಹೆಚ್ಚಿದ ದಿನ ಎಲ್ಲರೂ ಕೊಳಕ್ಕೆ. ಅಲ್ಲಿ ಗಾಜಿನ ತಡೆಗೋಡೆ ಇರುವ ಕೊಳಗಳಿರುವ ಹೋಟೆಲ್ ನೋಡಿ.

ಕಡಲಹಾದಿ

ಅಲೆಗಳಾಚೆ ಅವರೇ, ಕಣ್ಣು ತೆರೆಸಿದಿರಿ. ನನ್ನ ಪಟ್ಟಿಯ ಮೊದಲ ಹೋಟೆಲ್ ಕೆಮೆರ್‌ನದ್ದೇ. ಹಾಗಾದರೆ ಸೀಡೆ ಕಡೆ ನೋಡುತ್ತೇನೆ. ಜೂನ್ ಮೊದಲ ವಾರ ಹೇಗೆ? ಬೇಸಿಗೆ ರಜೆಗೆ ಮೊದಲು ಆದ್ದರಿಂದ ಖಾಲಿ ಇರಬಹುದಲ್ಲವೇ?

ತಿಥಿಪಂಚಾಂಗ

ಇಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ನಿಮ್ಮ ಮಕ್ಕಳ ರಜೆಯ ಜೊತೆಗೆ ಆ ಹೋಟೆಲನ್ನು ತುಂಬುವವರ ಮಕ್ಕಳ ರಜೆಯನ್ನೂ ನೋಡಬೇಕು. ಜರ್ಮನಿಯ ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬಕ್ಕೆ ಎರಡು ವಾರ ಶಾಲೆಗಳಿಗೆ ರಜೆ. ಆ ಹಬ್ಬ ಈಸ್ಟರ್ ಆಗಿ ಏಳು ವಾರಕ್ಕೆ ಬರುತ್ತದೆ, ಆದ್ದರಿಂದ ಪ್ರತಿ ವರ್ಷ ತಾರೀಖು ಬದಲು. ಮೇ ಕೊನೆಯಲ್ಲಿ ಇಂಗ್ಲೆಂಡಿನ ಶಾಲೆಗಳಿಗೂ ಒಂದು ವಾರ ರಜೆ. ಎರಡೂ ಕೂಡಿಬಂದರೆ ಅಂಟಾಲ್ಯದ ಕುಟುಂಬ ಹೋಟೆಲ್‌ಗಳು ಜುಲೈ ತಿಂಗಳಂತೆಯೇ ತುಂಬುತ್ತವೆ.

ಬೇಸಿಗೆಯಲ್ಲಿ ಜರ್ಮನಿಯ 16 ರಾಜ್ಯಗಳು ಒಂದೇ ಸಲ ರಜೆ ಕೊಡುವುದಿಲ್ಲ. ಸರದಿಯ ಮೇಲೆ ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಹರಡಿರುತ್ತದೆ, ಬವೇರಿಯಾ ಕೊನೆಯ ಸಾಲಿನಲ್ಲಿ. ಸ್ಕಾಟ್ಲೆಂಡಿನವರು ಇಂಗ್ಲೆಂಡಿಗಿಂತ ಮೊದಲೇ ರಜೆ ಆರಂಭಿಸಿ ಮೊದಲೇ ಮುಗಿಸುತ್ತಾರೆ. ರಷ್ಯಾದ ಮಕ್ಕಳಿಗೆ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ರಜೆ. ಟರ್ಕಿಯವರೇ ಈದ್ ರಜೆಗಳಲ್ಲಿ ಕುಟುಂಬ ಸಮೇತ ತೀರಕ್ಕೆ ಬರುತ್ತಾರೆ, ಆ ಹಬ್ಬಗಳು ವರ್ಷವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಅಕ್ಟೋಬರಿನಲ್ಲಿ ಜರ್ಮನ್ ರಾಜ್ಯಗಳ ಶರತ್ಕಾಲದ ರಜೆ, ತಿಂಗಳ ಕೊನೆಗೆ ಇಂಗ್ಲೆಂಡಿನದ್ದು.

ಇವೆಲ್ಲ ಕಳೆದರೆ ಮೆಡಿಟರೇನಿಯನ್‌ನಲ್ಲಿ ಉಳಿಯುವ ಎರಡು ಕಿಂಡಿಗಳು: ಮೇ ಮೊದಲ ಅರ್ಧ, ಸೆಪ್ಟೆಂಬರಿನ ದ್ವಿತೀಯಾರ್ಧ.

ಬೆಚ್ಚನೆನೀರು

ಮೇ ತಿಂಗಳಿಗೆ ಒಂದು ಎಚ್ಚರಿಕೆ. ಆಗ ಸಮುದ್ರ ಇನ್ನೂ ತಣ್ಣಗಿರುತ್ತದೆ, ಬಿಸಿ ಮಾಡದ ಕೊಳಗಳೂ ಹಾಗೆಯೇ. ಹೋಟೆಲಿನಲ್ಲಿ ಐದು ಕೊಳಗಳಿದ್ದು ಬೆಚ್ಚಗಿನದು ಒಂದೇ ಆದರೆ ಎಲ್ಲ ಮಕ್ಕಳೂ ಅಲ್ಲೇ. ಅರ್ಧ ಖಾಲಿ ಇರುವ ಹೋಟೆಲಿನಲ್ಲೂ ಆ ಒಂದು ಕೊಳದ ಸುತ್ತ ಟವೆಲ್ ಯುದ್ಧ. ಸೆಪ್ಟೆಂಬರಿನಲ್ಲಿ ಬೇಸಿಗೆಯೆಲ್ಲ ಕಾದ ಸಮುದ್ರ ಅಂಟಾಲ್ಯ ಕಡೆ 27-28 ಡಿಗ್ರಿಯ ಹತ್ತಿರ ಇರುತ್ತದೆ, ಜನ ಹಂಚಿಹೋಗುತ್ತಾರೆ. ಶಾಲೆಗೆ ರಜೆ ಸಿಗುವುದಾದರೆ ಸೆಪ್ಟೆಂಬರ್ ಕೊನೆಯೇ ಸರಿ.

ಮುಂಜಾವು

ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಸೆಪ್ಟೆಂಬರಿನಲ್ಲಿ ಹೋಗಿ ಎನ್ನುವುದು ಸುಲಭ. ರಜೆ ಯಾರು ಕೊಡುತ್ತಾರೆ? ಜುಲೈ-ಆಗಸ್ಟಿನಲ್ಲೇ ಹೋಗಬೇಕಾದವರಿಗೆ ಏನು ಹೇಳುತ್ತೀರಿ?

ಹೆಜ್ಜೆಗುರುತು

ನ್ಯಾಯವಾದ ಪ್ರಶ್ನೆ. ಆ ತಿಂಗಳುಗಳಲ್ಲಿ ಕೋಣೆಯ ಮಾದರಿಯೇ ಉಪಾಯ. ಕೋಣೆಯ ಮುಂದೆಯೇ ನೀರಿಗೆ ಇಳಿಯುವಂತಿರುವ ‘ಸ್ವಿಮ್-ಅಪ್’ ಕೋಣೆಗಳಲ್ಲಿ ಸಾಮಾನ್ಯವಾಗಿ ನಿಮ್ಮದೇ ಎರಡು ಕುರ್ಚಿಗಳು ನಿಮ್ಮದೇ ಜಗುಲಿಯಲ್ಲಿ ಇರುತ್ತವೆ. ಸಾಮಾನ್ಯ ಕೋಣೆಗಿಂತ ದುಬಾರಿ. ಆದರೆ ಪಂಚತಾರಾ ಹೋಟೆಲಿನ ಸಾಮಾನ್ಯ ಕೋಣೆಗೆ ಕೊಡುವ ಹಣದಲ್ಲಿ ಚತುಸ್ತಾರಾ ಹೋಟೆಲಿನ ಇಂಥ ಕೋಣೆ ಸಿಗುವುದುಂಟು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಪುಟ್ಟಹೆಜ್ಜೆ

ಅಯ್ಯೋ, ಮೂರು ವರ್ಷದ ಮಗು ಇರುವವರಿಗೆ ಸ್ವಿಮ್-ಅಪ್ ಕೋಣೆ ಬೇಡವೇ ಬೇಡ. ಬಾಗಿಲು ತೆರೆದರೆ ನೀರು. ರಾತ್ರಿ ಮಗು ಎದ್ದು ಚಿಲಕ ತೆಗೆದರೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ಐದು ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಸದ್ದಿಲ್ಲದೆ ಇಳಿದುಹೋಗುತ್ತದೆ. ಸನ್‌ಬೆಡ್ ಸಿಗುತ್ತದೆಂದು ಈ ಅಪಾಯವನ್ನು ತೆಗೆದುಕೊಳ್ಳಬೇಡಿ.

ಹೆಜ್ಜೆಗುರುತು

ಪುಟ್ಟಹೆಜ್ಜೆ ಅವರೇ, ನೀವು ಹೇಳಿದ್ದು ಸರಿ. ಆರೇಳು ವರ್ಷ ದಾಟಿದ, ಈಜು ಬಲ್ಲ ಮಕ್ಕಳಿರುವವರಿಗೆ ಮಾತ್ರ ಎಂದು ತಿದ್ದಿ ಓದಿಕೊಳ್ಳಿ. ಮೂರು ವರ್ಷದವನಿದ್ದರೆ ತೋಟದ ಕಡೆ ತೆರೆಯುವ ನೆಲಮಹಡಿ ಕೋಣೆ ಕೇಳಿ. ಹೊರಗೆ ಕುರ್ಚಿ, ಹುಲ್ಲು, ನೆರಳು ಇದ್ದರೆ ಮಧ್ಯಾಹ್ನದ ನಿದ್ದೆಯ ಹೊತ್ತನ್ನು ಅಲ್ಲೇ ಕಳೆಯಬಹುದು.

ದ್ವೀಪವಾಸಿ

ಮಾಲ್ಡೀವ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಬಹುತೇಕ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ತೀರದ ವಿಲ್ಲಾ ತೆಗೆದುಕೊಂಡರೆ ಎದುರಿನ ಮರಳಿನಲ್ಲಿ ನಿಮ್ಮದೇ ಕುರ್ಚಿಗಳು, ಬೇರೆಯವರು ಅತ್ತ ಸುಳಿಯುವುದೂ ಇಲ್ಲ. ನೀರಿನ ಮೇಲಿನ ವಿಲ್ಲಾಗಳಿಗೆ ಚಿಕ್ಕ ಮಕ್ಕಳನ್ನು ಹಲವು ರೆಸಾರ್ಟ್‌ಗಳು ಬಿಡುವುದಿಲ್ಲ, ತೀರದ ವಿಲ್ಲಾವನ್ನೇ ಕೇಳಿ. ದ್ವೀಪಕ್ಕೆ ಒಯ್ಯುವ, ನೀರಿನ ಮೇಲೆ ಇಳಿಯುವ ಸೀಪ್ಲೇನ್ ಹಗಲು ಹೊತ್ತಿನಲ್ಲಿ ಮಾತ್ರ ಹಾರುತ್ತದೆ. ತಡವಾಗಿ ರಾಜಧಾನಿ ಮಾಲೆಗೆ ಬಂದಿಳಿದರೆ ರಾತ್ರಿ ಅಲ್ಲೇ ಕಳೆಯಬೇಕಾಗುತ್ತದೆ, ಮಕ್ಕಳೊಂದಿಗೆ ಅದು ಕಷ್ಟ. ಸ್ಪೀಡ್‌ಬೋಟಿನಲ್ಲಿ ತಲುಪುವ ದ್ವೀಪ ನೋಡಿ.

ಮುಂಜಾವು

ದುಬಾರಿ.

ದ್ವೀಪವಾಸಿ

ಹೌದು, ದುಬಾರಿಯೇ. ಆದರೆ ಜಗಳವಿಲ್ಲ.

ಕಡಲೂರುಹಾದಿ

ಇಟಲಿಯವರ ಪದ್ಧತಿ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ತೀರದ ಹೋಟೆಲ್‌ಗಳಲ್ಲಿ ಕೊಡೆಗಳಿಗೆ ಸಾಲು, ಸಂಖ್ಯೆ ಇರುತ್ತವೆ. ಬಂದ ದಿನವೇ ನಿಮ್ಮ ಕೊಡೆ ಯಾವುದೆಂದು ಹೇಳುತ್ತಾರೆ, ಹೊರಡುವವರೆಗೂ ಅದು ನಿಮ್ಮದೇ. ಎರಡು ಕುರ್ಚಿ ಅದರಡಿ. ಮುಂದಿನ ಸಾಲಿಗೆ ಹೆಚ್ಚು ದರ. ಒಂಬತ್ತಕ್ಕೆ ಹೋಗಿ, ಹನ್ನೆರಡಕ್ಕೆ ಹೋಗಿ, ಜಾಗ ಕಾದಿರುತ್ತದೆ. ಪಕ್ಕದ ಕೊಡೆಯವರೂ ವಾರವಿಡೀ ಅವರೇ ಆದ್ದರಿಂದ ಮಕ್ಕಳಿಗೆ ಸ್ನೇಹಿತರೂ ಸಿಗುತ್ತಾರೆ. ಆಗಸ್ಟ್ 15ರ ಆಸುಪಾಸು ಮಾತ್ರ ಇಡೀ ಇಟಲಿ ಸಮುದ್ರದ ಬಳಿ ಇರುತ್ತದೆ, ಆಗ ಬೇಡ.

ನೀಲಿಕೊಡೆ

ಹಣ ಕೊಟ್ಟವರಿಗೆ ಮುಂದಿನ ಸಾಲು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲವೂ ಸೇರಿದೆ ಎಂದು ಹೇಳಿ ಹಣ ಪಡೆದ ಮೇಲೆ ಕುರ್ಚಿಗೆ ಬೇರೆ ದರವೇ? 2018ರಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಪ್ರವಾಸ ಕಂಪನಿ ಕೆಲವು ಹೋಟೆಲ್‌ಗಳಲ್ಲಿ 25 ಯೂರೋಗೆ ಸನ್‌ಬೆಡ್ ಮುಂಗಡ ಕಾಯ್ದಿರಿಸುವ ಸೌಲಭ್ಯ ತಂದಾಗಲೂ ನನಗೆ ಹೀಗೇ ಅನ್ನಿಸಿತ್ತು. ಮರುವರ್ಷ ಆ ಕಂಪನಿಯೇ ಮುಚ್ಚಿತು.

ದೋಣಿಮನೆ

ಅದು ಮುಚ್ಚಿದ್ದು ಸಾಲದ ಹೊರೆಯಿಂದ, ಸನ್‌ಬೆಡ್‌ನಿಂದಲ್ಲ. ನನಗೆ ಆ ಯೋಜನೆ ತಪ್ಪೆನಿಸುವುದಿಲ್ಲ. ಕೋಣೆಯ ಕೀಲಿ ಕೊಡುವಾಗಲೇ ಕುರ್ಚಿಯ ಸಂಖ್ಯೆಯೂ ಸಿಗುವಂತಿದ್ದರೆ ನಾನು ಖುಷಿಯಿಂದ ಕೊಡುತ್ತೇನೆ.

ಕೊಳದಂಚು

ಇಲ್ಲಿ ನಾನು ನೀಲಿಕೊಡೆ ಅವರ ಪಕ್ಷ. ಹಣ ಕೊಟ್ಟು ಪಡೆಯುವ ಕ್ಯಾಬಾನಾಗಳು, ಅಂದರೆ ಪರದೆ ಕಟ್ಟಿದ ಮಂಚಗಳು, ಹೆಚ್ಚಾದಂತೆ ಉಚಿತ ಕುರ್ಚಿಗಳ ಜಾಗ ಕಡಿಮೆಯಾಗುತ್ತದೆ. ಒಳ್ಳೆಯ ನೆರಳೆಲ್ಲ ಅವಕ್ಕೇ ಹೋಗುತ್ತದೆ. ಉಪಗ್ರಹ ಚಿತ್ರದಲ್ಲಿ ಕೊಳದ ಅಂಚಿನಲ್ಲಿ ದೊಡ್ಡ ಚೌಕಗಳು ಸಾಲಾಗಿ ಕಂಡರೆ ಅವು ಕ್ಯಾಬಾನಾಗಳು. ಎಣಿಸುವಾಗ ಅವನ್ನು ಬಿಟ್ಟು ಎಣಿಸಿ.

ನೆರಳುಬಳ್ಳಿ

ನೆರಳಿನ ಮಾತು ಬಂತು, ಅದಕ್ಕೇ ಹೇಳುತ್ತೇನೆ. ಮಕ್ಕಳಿರುವವರಿಗೆ ಬೇಕಿರುವುದು ಕುರ್ಚಿಗಿಂತ ನೆರಳು. ಬಿಸಿಲಿನ ಅತಿನೇರಳೆ ಕಿರಣಗಳ ತೀವ್ರತೆ ಹೇಳುವ ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ಬಹಳ ಹೆಚ್ಚು ಎಂದು ಲೆಕ್ಕ. ಮೆಡಿಟರೇನಿಯನ್ ತೀರದಲ್ಲಿ ಜೂನ್, ಜುಲೈ ನಡುಹಗಲು ಇದನ್ನು ಸುಲಭವಾಗಿ ದಾಟುತ್ತದೆ. ನೆಲಕ್ಕೆ ನೆಟ್ಟ ಕೊಡೆಯ ನೆರಳು ಸರಿಯುತ್ತಲೇ ಇರುತ್ತದೆ. ಬೆಳಗ್ಗೆ ಹತ್ತಕ್ಕೆ ನೆರಳಿದ್ದ ಕುರ್ಚಿ ಮಧ್ಯಾಹ್ನ ಮೂರಕ್ಕೆ ಉರಿಬಿಸಿಲಿನಲ್ಲಿರುತ್ತದೆ. ಮರಗಳಿರುವ ಹಳೆಯ ಹೋಟೆಲ್‌ಗಳನ್ನು ನೋಡಿ. ಪೈನ್ ಮರಗಳ ಕೆಳಗೆ ಎಲ್ಲಿ ಬೇಕಾದರೂ ಕುರ್ಚಿ ಎಳೆದುಕೊಳ್ಳಬಹುದು. ಹೊಸದಾಗಿ ಕಟ್ಟಿದ ಹೊಳೆಯುವ ಹೋಟೆಲ್‌ಗಳಲ್ಲಿ ಸಸಿಗಳು ಇನ್ನೂ ಮೊಣಕಾಲೆತ್ತರ.

ಪಯಣಪ್ರಿಯ

ವಯಸ್ಕರಿಗೆ ಮಾತ್ರ ಮೀಸಲಾದ ಕೊಳ ಇರುವ ಕುಟುಂಬ ಹೋಟೆಲ್ ಆರಿಸಿ. ಮಕ್ಕಳಿಲ್ಲದವರೆಲ್ಲ ಆ ಕಡೆ ಹೋಗುತ್ತಾರೆ, ಮಕ್ಕಳ ಕೊಳ ಸಡಿಲವಾಗುತ್ತದೆ.

ಸಾಗರಸಂಜೆ

ಇದು ಒಳ್ಳೆಯ ಮಾತು. ಸಣ್ಣ ಸಣ್ಣ ಕೊಳಗಳು ಹಲವಿದ್ದರೆ ಇನ್ನೂ ಒಳ್ಳೆಯದು. ಸಂಗೀತ, ಬಾರು, ಜಾರುಬಂಡೆ ಎಲ್ಲ ಒಂದೇ ದೊಡ್ಡ ಕೊಳದ ಸುತ್ತ ಇರುವ ಹೋಟೆಲ್ ಬೇಡ.

ಹಳೆಯಪುಟ

ಕುತೂಹಲಕ್ಕೆ ಒಂದು ವಿಷಯ. ಎಲ್ಲವೂ ಸೇರಿದ ರಜೆಯನ್ನು ಜನಪ್ರಿಯಗೊಳಿಸಿದ ಕ್ಲಬ್ ಮೆಡ್ 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದ ಅಲ್ಕೂದಿಯಾದಲ್ಲಿ ಆರಂಭವಾದಾಗ ಜನ ಉಳಿದದ್ದು ಗುಡಾರಗಳಲ್ಲಿ. ಜೆರಾರ್ ಬ್ಲಿಟ್ಜ್ ಅದನ್ನು ಸ್ಥಾಪಿಸಿದವರು. ಮುಂದೆ ಬಾರಿನಲ್ಲಿ ಹಣದ ಬದಲು ಕೊರಳಿನ ಸರದ ಮಣಿಗಳನ್ನು ಕೊಡುವ ಪದ್ಧತಿ ಅವರಲ್ಲಿ ಬಂತು. ಈಗ ಅತಿಥಿಗಳಿಗೆ ಕಟ್ಟುವ ಕೈಪಟ್ಟಿಗಿಂತ ಅದು ಚೆಂದ.

ಕಡಲಹಾದಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಕೊಳದಂಚು ಅವರು ಹೇಳಿದ ಮೂರು ಪ್ರಶ್ನೆಗಳನ್ನೇ ಬರೆದು ಸೀಡೆಯ ಹಲವು ಹೋಟೆಲ್‌ಗಳಿಗೆ ಕಳುಹಿಸಿದೆ. ಹೆಚ್ಚಿನವು "ನಮ್ಮಲ್ಲಿ ಸಾಕಷ್ಟು ಕುರ್ಚಿಗಳಿವೆ, ನಿಮ್ಮನ್ನು ಸ್ವಾಗತಿಸಲು ಕಾಯುತ್ತಿದ್ದೇವೆ" ಎಂದು ಬರೆದವು. ಒಂದು ಮಾತ್ರ ಕೊಳ ಎಂಟೂವರೆಗೆ ತೆರೆಯುತ್ತದೆ, ಅಲ್ಲಿಯವರೆಗೆ ಮೆತ್ತೆಗಳನ್ನು ಕೊಠಡಿಯಲ್ಲಿ ಬೀಗ ಹಾಕಿ ಇಟ್ಟಿರುತ್ತೇವೆ, ಟವೆಲ್ ಒಂಬತ್ತರಿಂದ ಎಂದು ಬರೆದಿದೆ. ಉಪಗ್ರಹ ಚಿತ್ರದಲ್ಲೂ ಲೆಕ್ಕ ಸರಿಹೋಯಿತು, ಮಕ್ಕಳ ಕೊಳದ ಪಕ್ಕ ಮರಗಳೂ ಇವೆ. ಸೆಪ್ಟೆಂಬರ್ ಕೊನೆಗೆ ಅದನ್ನೇ ಬುಕ್ ಮಾಡುವ ಯೋಚನೆ.

ಕೊಳದಂಚು

ಮೆತ್ತೆಗೆ ಬೀಗ ಹಾಕುತ್ತಾರೆಂದರೆ ಯಾರೋ ತಲೆ ಓಡಿಸಿದ್ದಾರೆ. ಆ ಇಮೇಲನ್ನು ಅಳಿಸಬೇಡಿ. ಅಲ್ಲಿಗೆ ಹೋದಾಗ ಬೇರೆ ಪರಿಸ್ಥಿತಿ ಕಂಡರೆ ಮೊದಲ ದಿನವೇ ಸ್ವಾಗತ ಕಚೇರಿಯಲ್ಲಿ ತೋರಿಸಿ. ಸಮಯ ನಮೂದಿಸಿದ ಫೋಟೋ ಕೂಡ ತೆಗೆದಿಡಿ. ಪ್ಯಾಕೇಜ್ ಕಂಪನಿಯ ಮೂಲಕ ಹೋಗುವುದಾದರೆ ಅವರ ಪ್ರತಿನಿಧಿಗೂ ಅಲ್ಲಿರುವಾಗಲೇ ಲಿಖಿತವಾಗಿ ತಿಳಿಸಿ. ಮನೆಗೆ ಮರಳಿದ ಮೇಲೆ ದೂರಿದರೆ ಸರಿಪಡಿಸಲು ಅವಕಾಶವೇ ಕೊಡಲಿಲ್ಲ ಎಂದುಬಿಡುತ್ತಾರೆ.

ಪುಟ್ಟಹೆಜ್ಜೆ

ಹೋಟೆಲಿನವರು ಮಕ್ಕಳನ್ನು ಆಡಿಸುವ ಮಕ್ಕಳ ಕ್ಲಬ್ಬಿಗೆ ಸೇರಿಸಿಕೊಳ್ಳುವ ವಯಸ್ಸನ್ನೂ ಕೇಳಿಕೊಳ್ಳಿ ಅಕ್ಕ. ಬಹಳ ಕಡೆ ನಾಲ್ಕು ವರ್ಷ ತುಂಬಿದವರನ್ನು ಮಾತ್ರ ಒಬ್ಬರೇ ಬಿಟ್ಟುಹೋಗಲು ಒಪ್ಪುತ್ತಾರೆ. ಮಗಳು ಹೋಗಬಹುದು, ಮಗನ ಜೊತೆ ನೀವಿಬ್ಬರಲ್ಲಿ ಒಬ್ಬರು ಕೂರಬೇಕಾಗಬಹುದು. ಅವನ ಅಳತೆಯ ಈಜು ಜಾಕೆಟ್ ಮನೆಯಿಂದಲೇ ಒಯ್ಯಿರಿ, ಅಲ್ಲಿ ಸಿಗುವ ಗಾಳಿ ತುಂಬುವ ತೋಳುಪಟ್ಟಿಗಳನ್ನು ನಂಬಬೇಡಿ.

ಕಡಲಹಾದಿ

ಕ್ಲಬ್ಬಿನ ವಯಸ್ಸು ಕೇಳಿರಲಿಲ್ಲ, ಇಂದೇ ಬರೆಯುತ್ತೇನೆ.